ಮೂರರಿಂದ ಎಣಿಸುವ ಮಾವ

ಒಂದು, ಎರಡು ಬಿಟ್ಟು ಮೂರರಿಂದಲೇ ಎಣಿಕೆ ಶುರು ಮಾಡುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನನ್ನ ಸೋದರಮಾವ ಕಿತಿಯೋನೆ ಅಂಥವನು. ಅವನೊಬ್ಬನೇ ಅಲ್ಲ, ಹಾಡಿನ ವಿಷಯಕ್ಕೆ ಬಂದರೆ ನಾವು ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳವರೆಲ್ಲ ಹಾಗೆಯೇ. ಸರಿಗಮಕ್ಕೆ ‘ಸ’ ಹೇಗೋ ನಮಗೆ ಮೂರು ಹಾಗೆ. ಮೂರು, ನಾಲ್ಕು, ಐದು ಎಂದು ಏರುತ್ತಾ ಹೋಗಿ ಒಂಬತ್ತಕ್ಕೆ ಏಳೂ ಸ್ವರ ಮುಗಿಯುತ್ತವೆ. ಯಾಕೆ ಮೂರು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅಜ್ಜಂದಿರು ಹಾಗೆ ಹಾಡಿದರು, ನಾವೂ ಹಾಡುತ್ತೇವೆ. ಹಲಗೆಯ ಮೇಲೆ ನಾಲ್ಕು ಸಾಲು ಅಂಕಿ ಬರೆದರೆ ಸಾಕು, ಹೆಂಗಸರ ಎರಡು ದನಿ, ಗಂಡಸರ ಎರಡು ದನಿ ಸೇರಿ ಚರ್ಚಿನ ಛಾವಣಿ ಹಾರಿಹೋಗಬೇಕು ಹಾಗೆ ಹಾಡುತ್ತೇವೆ. ಇದು ಜಂಬವಲ್ಲ. ಸಿಡ್ನಿಯ ಪಶ್ಚಿಮದಲ್ಲಿ ನಮ್ಮ ಚರ್ಚಿನ ಅಕ್ಕಪಕ್ಕ ಮನೆ ಮಾಡಿರುವವರನ್ನು ಕೇಳಿ ನೋಡಿ, ಭಾನುವಾರ ಬೆಳಿಗ್ಗೆ ನೆಮ್ಮದಿಯಾಗಿ ಮಲಗಿ ಎಷ್ಟು ವರ್ಷವಾಯಿತೆಂದು ಅವರೇ ಹೇಳುತ್ತಾರೆ.

ನಾನು ಲೆಸಿಯೆಲಿ, ಶಾಲೆಯ ಬಸ್ಸು ಓಡಿಸುವವಳು. ಕಿತಿಯೋನೆ ಮಾವ ನಮ್ಮಮ್ಮನ ತಮ್ಮ. ನಮ್ಮಲ್ಲಿ ಅಕ್ಕನ ಮಕ್ಕಳಿಗೆ ಸೋದರಮಾವನ ಮೇಲೆ ಸಕಲ ಹಕ್ಕೂ ಉಂಟು. ಅವನ ತಟ್ಟೆಯಿಂದ ಮೀನಿನ ತಲೆಯನ್ನು ನಾನು ಎತ್ತಿಕೊಂಡು ತಿಂದರೂ ಅವನು ಚಕಾರ ಎತ್ತುವ ಹಾಗಿಲ್ಲ. ಆದ್ದರಿಂದ ಅವನ ವಿಷಯದಲ್ಲಿ ನನ್ನ ನಾಲಿಗೆ ಸ್ವಲ್ಪ ಉದ್ದವಾದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ.

ಮಾವನದು ಆರಕ್ಕೇರದ, ಮೂರಕ್ಕಿಳಿಯದ ಬದುಕು. ಇಪ್ಪತ್ತೆರಡನೆಯ ವಯಸ್ಸಿಗೆ ಟೋಂಗಾದ ವವಾವು ದ್ವೀಪ ಬಿಟ್ಟು ಸಿಡ್ನಿಗೆ ಬಂದ. ಬಾಟಲಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪೆಟ್ಟಿಗೆ ಎತ್ತಿದ, ಬೆನ್ನು ಕೈಕೊಟ್ಟ ಮೇಲೆ ಬಿಟ್ಟ. ಅತ್ತೆ ತೀರಿಕೊಂಡು ಆರು ವರ್ಷ. ಅಂದಿನಿಂದ ನಮ್ಮ ಹಿತ್ತಲಿನ ಕೋಣೆಯಲ್ಲಿದ್ದಾನೆ. ಇಷ್ಟು ವರ್ಷ ಈ ದೇಶದಲ್ಲಿದ್ದೂ ಅವನ ಇಂಗ್ಲಿಷು ‘ಯೆಸ್’, ‘ನೋ’, ‘ಲಂಚ್’ ದಾಟಿಲ್ಲ. ಅವನಿಗೆ ಬರುವ ವಿದ್ಯೆ ಒಂದೇ, ಅಂಕಿ. ಯಾವ ಹಾಡನ್ನು ಒಮ್ಮೆ ಕೇಳಿದರೂ ಅದರ ನಾಲ್ಕೂ ದನಿಯನ್ನು ಕಾಗದಕ್ಕೆ ಇಳಿಸಿಬಿಡುತ್ತಾನೆ. ಪ್ರತಿ ಶನಿವಾರ ಚರ್ಚಿನ ಹಿಂದಿನ ಕೊಠಡಿಯಲ್ಲಿ ಚಾಪೆ ಹಾಸಿ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದ. ಒಂದು ಕಾಲಕ್ಕೆ ಮೂವತ್ತು ಮಕ್ಕಳು ಬರುತ್ತಿದ್ದರು. ಹೋದ ವರ್ಷದ ಹೊತ್ತಿಗೆ ಮೂವರು ಉಳಿದಿದ್ದರು. ಅದರಲ್ಲಿ ಇಬ್ಬರು ನನ್ನ ಮಕ್ಕಳೇ, ನಾನು ಕಿವಿ ಹಿಂಡಿ ಅಟ್ಟಿದವರು.

ನವೆಂಬರಿನ ಸಭೆಯಲ್ಲಿ ಸೈಮೋನೆ ಎದ್ದು ನಿಂತ. ಇವನು ನಮ್ಮ ಗಾಯನ ಮಂಡಳಿಯ ಹೊಸ ಮುಖ್ಯಸ್ಥ, ಮಾವನ ಸತ್ತುಹೋದ ಗೆಳೆಯನ ಮಗ, ಇಲ್ಲೇ ಹುಟ್ಟಿ ಸಂಗೀತದಲ್ಲಿ ಪದವಿ ಮಾಡಿದವನು. ಒಳ್ಳೆಯ ಹುಡುಗನೇ, ಆದರೆ ಪದವಿ ಸ್ವಲ್ಪ ತಲೆಗೆ ಏರಿತ್ತು.

“ಈಗ ಅಂಕಿ ನೋಡ್ಕೊಂಡು ಯಾರು ಹಾಡ್ತಾರೆ ಹೇಳಿ? ಒಂದೊಂದು ದನೀನೂ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸ್ತೀನಿ, ಮನೇಲಿ ಕೇಳ್ಕೊಂಡು ಕಲ್ತ್ಕೊಂಡು ಬರ್ಲಿ. ಶನಿವಾರದ ಕೊಠಡಿ ಕೀಬೋರ್ಡ್ ಪಾಠಕ್ಕೆ ಕೊಡಿ” ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಸಭೆಯ ಹಿರಿಯ ಫೆಲೆತಿ ನಡುವೆ ಬಾಯಿ ಹಾಕಿದ. ಕ್ರಿಸ್‌ಮಸ್ ಆದ ಮೇಲಿನ ಬೇಸಿಗೆ ರಜೆಯಲ್ಲಿ ನಮ್ಮ ಚರ್ಚಿನ ಒಂಬತ್ತು ಜನ ಇಂಡೋನೇಷ್ಯಾದ ಪಶ್ಚಿಮ ತಿಮೋರಿನ ಒಂದು ಹಳ್ಳಿಗೆ ಮಿಷನ್ ಕೆಲಸಕ್ಕೆ ಹೋಗುವುದಿತ್ತು, ಫೆಲೆತಿಯೇ ಅದರ ಯಜಮಾನ. ಮಳೆನೀರಿನ ತೊಟ್ಟಿ ಕಟ್ಟಿಕೊಡುವುದು ಮುಖ್ಯ ಕೆಲಸ. ಜೊತೆಗೆ ಆ ಊರಿನ ಚರ್ಚಿನವರು, ನಮ್ಮ ಮಂಡಳಿಗೆ ಹಾಡು ಕಲಿಸುವವರೊಬ್ಬರು ಬರಲಿ ಎಂದು ಕಾಗದ ಬರೆದಿದ್ದರು.

“ಕಿತಿಯೋನೆ ಅಣ್ಣ, ನೀನು ಬಾ” ಎಂದ ಫೆಲೆತಿ. “ಅಲ್ಲಿ ನಿನ್ನ ಹಲಗೆ ಇಟ್ಟು ಹಾಡ್ಸಿ ತೋರ್ಸು. ಅಲ್ಲಿ ನಡೆದ್ರೆ ಇಲ್ಲೂ ನಡೀತದೆ. ಫೆಬ್ರವರಿ ಮೊದಲ ಭಾನುವಾರ ವಾಪಸ್ ಬಂದು ವರದಿ ಒಪ್ಪಿಸ್ತೀವಲ್ಲ, ಅವತ್ತೇ ಕ್ಲಾಸಿನ ತೀರ್ಮಾನ ಮಾಡೋಣ.”

ಮನೆಗೆ ಬರುವಾಗ ಕಾರಿನಲ್ಲಿ ಮಾವ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ, “ಆ ಕ್ಲಾಸೂ ಹೋದ್ರೆ ಶನಿವಾರ ನಾನೇನ್ ಮಾಡ್ಲಿ ಮಗಳೇ?”

ಜನವರಿಯಲ್ಲಿ ಶಾಲೆಗೆ ರಜೆ, ಬಸ್ಸಿಗೂ ರಜೆ. ಮರುದಿನವೇ ಹೋಗಿ ಅಡುಗೆಯವಳೆಂದು ನನ್ನ ಹೆಸರನ್ನೂ ಬರೆಸಿ ಬಂದೆ.

ಕ್ರಿಸ್‌ಮಸ್ ಮುಗಿಸಿಕೊಂಡು ಹೊರಟೆವು. ಕುಪಾಂಗ್ ಊರಿನಲ್ಲಿ ವಿಮಾನ ಇಳಿದು, ಕೆಸರು ದಾರಿಯಲ್ಲಿ ಲಾರಿ ಹತ್ತಿ, ಸೊಂಟ ಮುರಿಯುವ ಹೊತ್ತಿಗೆ ಓಯೆಬಾತು ಎಂಬ ಬೆಟ್ಟದ ಹಳ್ಳಿ ಬಂತು. ಅಲ್ಲಿಯವರು ಎಲೆ ಅಡಿಕೆ ಕೊಟ್ಟು ಬರಮಾಡಿಕೊಂಡರು. ನಮಗೆ ಅಭ್ಯಾಸವಿಲ್ಲದ್ದು, ಫೆಲೆತಿ ಒಂದೇ ಬಾಯಿಗೆ ತುರುಕಿಕೊಂಡು ತಲೆ ತಿರುಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ನಮ್ಮ ಮರ್ಯಾದೆ ಮೊದಲ ದಿನವೇ ಅಷ್ಟಾಯಿತು.

ಮಾರನೆಯ ದಿನ ಮಧ್ಯಾಹ್ನ ಅವರ ಚರ್ಚಿನಲ್ಲಿ ಇಪ್ಪತ್ತೈದು ಜನರ ಮಂಡಳಿ ಸೇರಿತು. ಮಾವ ಹಲಗೆಯ ತುಂಬ ಅಂಕಿ ಬರೆದ. ಆ ಊರಿನ ಪಾದ್ರಿ ಯೂಸಾಕ್ ಚೂರುಪಾರು ಇಂಗ್ಲಿಷ್ ಬಲ್ಲವನು. ಮಾವ ಹೇಳಿದ್ದನ್ನು ನಾನು ಯೂಸಾಕನಿಗೆ, ಅವನು ತನ್ನ ಜನಕ್ಕೆ, ಹೀಗೆ ಮಾತು ಮೂರು ಬಾಯಿ ದಾಟಬೇಕಿತ್ತು. ಆದರೆ ಅಂಕಿಗೆ ಭಾಷೆಯೇ ಬೇಡ ಎಂದು ಮಾವನ ನಂಬಿಕೆ. ಕೋಲು ಹಿಡಿದು ಮೊದಲ ಅಂಕಿಯ ಮೇಲಿಟ್ಟ. ಹಾಡಿದರು.

ಅಯ್ಯೋ ದೇವರೇ! ಅದು ಯಾವ ಲೋಕದ ಹಾಡೋ ಏನೋ. ಶುರುವಾಗಬೇಕಾದ ಕಡೆ ಶುರುವಾಗಲಿಲ್ಲ, ಏರಬೇಕಾದ ಕಡೆ ಇನ್ನೆಲ್ಲಿಗೋ ಏರಿತು, ನಡುನಡುವೆ ಇಪ್ಪತ್ತೈದು ಜನವೂ ಒಟ್ಟಿಗೆ ಬಾಯಿ ಮುಚ್ಚಿ ನಿಂತುಬಿಡುತ್ತಿದ್ದರು, ಮತ್ತೆ ಒಟ್ಟಿಗೆ ಶುರು ಮಾಡುತ್ತಿದ್ದರು. ಮಾವ ಕೋಲು ಕೆಳಗಿಟ್ಟು ತಾನೇ ಹಾಡಿ ತೋರಿಸಿದರೆ, ಕೇಳಿದ್ದನ್ನು ಕೇಳಿದ ಹಾಗೆ ಎಷ್ಟು ಚೆನ್ನಾಗಿ ಹಾಡುತ್ತಿದ್ದರೆಂದರೆ ನನ್ನ ರೋಮ ನಿಲ್ಲುತ್ತಿತ್ತು. ಹಲಗೆ ನೋಡಿ ಹಾಡಿ ಎಂದರೆ ಮತ್ತೆ ಅದೇ ಗೋಳು.

“ಇವ್ರಿಗೆ ಕಿವಿ ಇದೆ, ಕಣ್ಣಿಲ್ಲ” ಎಂದು ಮಾವ ಹಲ್ಲು ಕಡಿದ. “ಓದೋಕೆ ಸೋಮಾರಿತನ. ನಮ್ಮ ಸಿಡ್ನಿ ಮಕ್ಕಳ ಹಾಗೇ.”

“ಹಾಗಾದ್ರೆ ಕೇಳಿಸಿಯೇ ಕಲಿಸಿಬಿಡು ಮಾವ. ಯಾಕೆ ಸುಮ್ನೆ ಪೇಚಾಡ್ತೀಯ?”

“ಹಾಗೆ ಕಲಿಸೋದಾದ್ರೆ ಸೈಮೋನೆ ಫೋನೇ ಸಾಕಲ್ಲ! ನಾನ್ಯಾಕೆ ಬರ್ಬೇಕಿತ್ತು?”

ಪಟ್ಟು ಹಿಡಿದರೆ ನಮ್ಮ ಮನೆತನದವರನ್ನು ಅಲ್ಲಾಡಿಸಲು ಯಾರಿಂದಲೂ ಆಗದು. ಹನ್ನೆರಡು ದಿನ ಹೀಗೇ ನಡೆಯಿತು. ಮಾವನಿಗೆ ಊಟ ಸೇರಲಿಲ್ಲ, ಮುಖ ಇಳಿದುಹೋಯಿತು. ಹನ್ನೆರಡನೆಯ ದಿನ ಫೆಲೆತಿ ಅವನ ಹೆಗಲ ಮೇಲೆ ಕೈಯಿಟ್ಟು, “ಬಿಡು ಅಣ್ಣ. ನಾಳೆಯಿಂದ ಸಿಮೆಂಟ್ ಕಲಸೋಕೆ ಬಾ, ಅಲ್ಲಿ ಕೈ ಕಡಿಮೆ ಇದೆ” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಹೆಗಲ ಮೇಲಿನ ಆ ಕೈಯಲ್ಲೇ ಫೆಬ್ರವರಿಯ ತೀರ್ಮಾನವೂ ಇತ್ತು.

ಆ ದಿನ ಮಾವ ಕೊನೆಯ ಸಲವೆಂದು ಮಂಡಳಿಯ ಮುಂದೆ ನಿಂತ. ಮತ್ತೆ ಅದೇ ಕಥೆ. ತಾಳ್ಮೆ ಕೆಟ್ಟು ಕೋಲಿನಿಂದ ಹಲಗೆಗೆ ಫಟೀರೆಂದು ಹೊಡೆದ. “ಮೂರು ಅಂದ್ರೆ ಮೂರು ಕಣ್ರಯ್ಯಾ! ಮೂರು!” ಎಂದು ಮೂರು ಬೆರಳು ಎತ್ತಿ ಕೂಗಿದ.

ಎಲ್ಲರೂ ತಲೆ ತಗ್ಗಿಸಿದರು. ಆಗ ವೆಲ್ಮಿನ್ಸೆ ಎದ್ದಳು. ಎಪ್ಪತ್ತು ದಾಟಿದ ಹೆಂಗಸು, ಬಾಯಿ ತುಂಬ ಕೆಂಪು ಎಲೆ ಅಡಿಕೆ, ಹೆಂಗಸರ ಕೆಳದನಿಗೆ ಅವಳೇ ಆಧಾರ. ಒಂದು ಹರಕು ಹಾಡಿನ ಪುಸ್ತಕ ತಂದು ಮಾವನ ಕೈಯಲ್ಲಿಟ್ಟು, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿಯೂ ಅಂಕಿಗಳು! ಆದರೆ ಸಾಲು ಶುರುವಾದದ್ದು ಒಂದರಿಂದ.

“ಒಂದು?” ಎಂದು ಮಾವ ನಕ್ಕ. “ಹಾಡಲ್ಲಿ ಒಂದು ಎಲ್ಲಿಂದ ಬಂತು? ಹಾಡಮ್ಮ ಅದನ್ನ.”

ವೆಲ್ಮಿನ್ಸೆ ಬೆರಳನ್ನು ಒಂದರ ಮೇಲಿಟ್ಟು ಹಾಡಿದಳು. ಅದು ನಮ್ಮ ಮೂರು.

ಮಾವನ ನಗು ನಿಂತಿತು. ಹಲಗೆಯ ಮೇಲೆ ತಾನು ಬರೆದಿದ್ದ ಮೂರನ್ನು ತೋರಿಸಿದ. ಅವಳು ಹಾಡಿದಳು. ಅದು ನಮ್ಮ ಐದು.

ಮಾವ ಹತ್ತಿರದ ಬೆಂಚಿನ ಮೇಲೆ ಕುಸಿದು ಕೂತ. “ಹನ್ನೆರಡು ದಿನ ಮಗಳೇ” ಎಂದ. “ಹನ್ನೆರಡು ದಿನ ಈ ಜನ ನಾನು ಬರೆದದ್ದನ್ನೇ ಹಾಡಿದಾರೆ. ಒಂದು ತಪ್ಪೂ ಹಾಡಿಲ್ಲ!”

ನನಗೆ ನಗು ತಡೆಯಲಾಗಲಿಲ್ಲ. ಯೂಸಾಕನನ್ನು ಕೇಳಿದೆ, “ಎಂಟು, ಒಂಬತ್ತು ಬಂದಾಗ ಎಲ್ಲ ಬಾಯಿ ಮುಚ್ಚಿ ನಿಂತ್ಬಿಡ್ತಿದ್ರಲ್ಲ, ಅದ್ಯಾಕೆ?”

“ನಮ್ಮಲ್ಲಿ ಏಳಕ್ಕೇ ಮುಗಿದುಹೋಗ್ತದೆ ಅಕ್ಕಾ. ನಿಮ್ಮೂರಲ್ಲಿ ಎಂಟು, ಒಂಬತ್ತು ಅಂದ್ರೆ ಸುಮ್ನಿರಬೇಕು ಅಂತಿರಬಹುದು ಅಂದ್ಕೊಂಡ್ವಿ” ಎಂದ.

“ಮೊದಲೇ ಹೇಳೋಕೆ ಏನ್ರಪ್ಪಾ ಆಗಿತ್ತು ನಿಮಗೆ?”

“ಅಷ್ಟು ದೂರದಿಂದ ಬಂದ ಹಿರಿಯರು. ಎಣಿಸೋಕೆ ಬರಲ್ಲ ನಿಮಗೆ ಅಂತ ಹೇಗೆ ಹೇಳೋದು?”

ಅಷ್ಟನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಹೇಳಿದ್ದೇ ತಡ, ಮಾವ ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದ. ವೆಲ್ಮಿನ್ಸೆಯೂ ನಕ್ಕಳು, ಕೆಂಪು ಬಾಯಿಯಿಂದ ರಸ ಸುರಿದು ರವಿಕೆಯೆಲ್ಲ ಹಾಳಾಯಿತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವರನ್ನು ಬೈಯಲು ನಮಗೆ ಬಾಯಿಲ್ಲ. ನಮ್ಮೂರಿಗೆ ಒಬ್ಬ ಹಿರಿಯ ಅತಿಥಿ ಬಂದು ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆ ಎಂದರೆ ನಾವೂ ಹೌದೌದು ಎಂದು ಇನ್ನೊಂದು ತುಂಡು ಹಂದಿಮಾಂಸ ಬಡಿಸುವವರೇ.

ಸುದ್ದಿ ಕೇಳಿ ಫೆಲೆತಿ, “ಇಷ್ಟೇನಾ! ಮೂರರಿಂದ ಎಣಿಸಿ ಅಂತ ಅವ್ರಿಗೆ ಹೇಳಿಬಿಡು” ಎಂದ.

“ಇಪ್ಪತ್ತೈದು ಜನ ಬದಲಾಗೋದೋ, ಒಬ್ಬ ಬದಲಾಗೋದೋ?” ಎಂದ ಮಾವ.

ಏಳನೆಯ ವಯಸ್ಸಿನಿಂದ ಮೂರಕ್ಕೆ ಅಂಟಿಕೊಂಡ ನಾಲಿಗೆ. ಅರವತ್ತಮೂರನೆಯ ವಯಸ್ಸಿಗೆ ಅದನ್ನು ಒಂದಕ್ಕೆ ತಿರುಗಿಸಲು ಹೊರಟ. ಸಿಮೆಂಟ್ ಚೀಲ ಖಾಲಿಯಾದ ಹಾಗೆ ಅದರ ಕಾಗದ ಬಿಡಿಸಿ, ಒರೆಸಿ, ಹಾಸಿಕೊಂಡು ಕೂತ. ಆರು ಹಾಡು, ಒಂದೊಂದಕ್ಕೆ ನಾಲ್ಕು ದನಿ. ಪ್ರತಿ ಅಂಕಿಯಿಂದಲೂ ಎರಡು ಕಳೆದು ಬರೆಯಬೇಕು. ಬಾಯಿ ಐದು ಎಂದು ಹಾಡುತ್ತಿದ್ದರೆ ಕೈ ಮೂರು ಎಂದು ಬರೆಯಬೇಕು. ಬರೆದ, ಹೊಡೆದುಹಾಕಿದ, ಬೈದುಕೊಂಡ, ಮತ್ತೆ ಬರೆದ. ಊಟಕ್ಕೆ ಕೂತಾಗಲೂ “ಏಳು, ಐದು. ಒಂಬತ್ತು, ಏಳು” ಎಂದು ಗೊಣಗುತ್ತಿದ್ದ. ಅವನ ತಟ್ಟೆಯಿಂದ ಮೀನಿನ ತಲೆ ಎತ್ತಿಕೊಂಡೆ, ಅವನಿಗೆ ಗೊತ್ತೇ ಆಗಲಿಲ್ಲ. ನಾಲ್ಕನೆಯ ದಿನ ಕಾಗದ ತೂಗುಹಾಕಿ ಕೋಲು ಹಿಡಿದ. ಮಂಡಳಿ ಹಾಡಿತು. ನೋಡಿದ ಮೊದಲ ಸಲವೇ ನಾಲ್ಕೂ ದನಿ ಕೂಡಿ ಬಂದವು. ತೊಟ್ಟಿಯ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ಗಂಡಸರು ಕರಣೆ ಹಿಡಿದುಕೊಂಡೇ ಓಡಿ ಬಂದು ಕಿಟಕಿಯಲ್ಲಿ ನಿಂತು “ಮಾಲಿಯೆ! ಮಾಲಿಯೆ!” ಎಂದು ಕೂಗಿದರು. ನಮ್ಮಲ್ಲಿ ಹಾಡು ಎದೆಗೆ ತಾಗಿದರೆ ಹಾಗೆ ಭಲೇ ಎನ್ನುವುದು ರೂಢಿ.

ಹೊರಡಲು ಒಂದು ವಾರವಿದ್ದಾಗ ಮಾವ ಇನ್ನೊಂದು ಹಾಡು ಕೇಳಿದ. ಹೆಂಗಸರು ಮುಸುಕಿನ ಜೋಳ ಬಿಡಿಸುತ್ತಾ ತಮ್ಮ ಊರಿನ ಮಾತಿನಲ್ಲಿ ಹಾಡಿಕೊಳ್ಳುತ್ತಿದ್ದದ್ದು. ದೇವರೇ, ಮಳೆ ಕೊಟ್ಟೆ, ಕಾಳು ಕೊಟ್ಟೆ ಎಂಬ ಸ್ತುತಿಯಂತೆ. ವೆಲ್ಮಿನ್ಸೆಯ ತಾಯಿಯ ಕಾಲದ್ದು, ಯಾವ ಪುಸ್ತಕದಲ್ಲೂ ಇಲ್ಲ, ಪೂರ್ತಿ ಬಲ್ಲವರು ಆ ಊರಿನಲ್ಲೇ ಐದಾರು ಮುದುಕಿಯರು. ಮಾವ ಜೋಳದ ರಾಶಿಯ ಪಕ್ಕ ಕೂತು ಮೂರು ದಿನ ಅವರನ್ನು ಹಾಡಿಸಿ ಹಾಡಿಸಿ ಬರೆದುಕೊಂಡ. ಗಂಡಸರ ಎರಡು ದನಿಯನ್ನು ಆ ಮುದುಕಿಯರನ್ನೇ ಕೇಳಿ ಕೇಳಿ ಕೂಡಿಸಿದ. ಎರಡು ಪ್ರತಿ ಮಾಡಿದ. ಅವರಿಗೆ ಒಂದರಿಂದ ಬರೆದದ್ದು, ನಮಗೆ ಮೂರರಿಂದ ಬರೆದದ್ದು.

ಕೊನೆಯ ಭಾನುವಾರ ತೊಟ್ಟಿಯ ಪ್ರಾರ್ಥನೆ, ನಮ್ಮ ಬೀಳ್ಕೊಡುಗೆ ಎರಡೂ ಒಟ್ಟಿಗೆ ಆದವು. ಹಿಂದಿನ ದಿನದ ಮಳೆಗೆ ತೊಟ್ಟಿ ಕಂಠಮಟ್ಟ ತುಂಬಿತ್ತು. ಓಯೆಬಾತುವಿನ ಮಂಡಳಿ ವೆಲ್ಮಿನ್ಸೆಯ ತಾಯಿಯ ಹಾಡನ್ನು ಮಾವನ ಕಾಗದ ನೋಡಿ ಹಾಡಿತು. ಮುದುಕಿಯರ ಜೊತೆ ಹದಿನೈದರ ಹುಡುಗಿಯರೂ ಹಾಡಿದರು. ನೇಯ್ದ ಶಾಲುಗಳನ್ನು ನಮ್ಮ ಹೆಗಲಿಗೆ ಹೊದಿಸಿದರು. ವೆಲ್ಮಿನ್ಸೆ ತಾನೇ ಕಟ್ಟಿದ ಎಲೆ ಅಡಿಕೆಯನ್ನು ಮಾವನ ಬಾಯಿಗಿಟ್ಟಳು. ಅವನು ಬೆವರು ಸುರಿಸುತ್ತಾ, ಕಣ್ಣು ಮೇಲೆ ಮಾಡಿಕೊಂಡು ಪೂರ್ತಿ ಅಗಿದು ತೋರಿಸಿದ. ಇಡೀ ಊರು ಚಪ್ಪಾಳೆ ಹೊಡೆಯಿತು.

ಲಾರಿ ಹತ್ತಿದ ಮೇಲೆ ನಾನು ಫೆಲೆತಿಯನ್ನು ಕೆಣಕಿದೆ, “ಈಗೇನಂತೀಯ ಯಜಮಾನ? ನಡೀತೋ ಇಲ್ವೋ?”

“ನಡೀತಮ್ಮ, ಇಲ್ಲ ಅನ್ನಲ್ಲ. ಆದ್ರೆ ನಡೆದದ್ದು ಅವರ ಅಂಕಿ. ನಮ್ಮ ಅಂಕಿ ಅಲ್ಲಿ ಸೋತುಹೋಯ್ತು ಅಂತ ಸೈಮೋನೆ ಒಂದೇ ಮಾತಲ್ಲಿ ಹೇಳ್ತಾನೆ. ನಾನೇನ್ ಉತ್ತರ ಕೊಡ್ಲಿ?”

ಮಾವ ಕೇಳಿಸಿಕೊಂಡ. ಸುರುಳಿ ಸುತ್ತಿದ ಸಿಮೆಂಟ್ ಕಾಗದವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವ ಹುಡುಗಿ ಮಾವನ ಜೇಬಿನಿಂದ ವೆಲ್ಮಿನ್ಸೆ ತುರುಕಿದ್ದ ನಾಲ್ಕು ಅಡಿಕೆ ತೆಗೆದು ಡಬ್ಬಕ್ಕೆ ಹಾಕಿದಳು. ಅದು ಅವಳ ಕೆಲಸ, ಬಿಡಿ. ಆಮೇಲೆ ಕಾಗದದ ಸುರುಳಿ ಬಿಚ್ಚಿದಳು. ಅಂಚಿನಲ್ಲೆಲ್ಲ ಕೆಂಪು ಮಣ್ಣು, ನಡುವೆ ಸಾಲು ಸಾಲು ಅಂಕಿ.

“ಇದೇನಿದು?” ಎಂದಳು.

“ಹಾಡು” ಎಂದೆ.

ಅವಳು ನನ್ನ ಮುಖ, ಮಾವನ ಮುಖ ನೋಡಿದಳು. “ಮಣ್ಣಿದೆ. ಮಣ್ಣಿರೋದನ್ನ ಒಳಗೆ ಬಿಡೋ ಹಾಗಿಲ್ಲ.”

ಮಾವನಿಗೆ ಮಾತು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. ಬೆರಳನ್ನು ಮೊದಲ ಅಂಕಿಯ ಮೇಲಿಟ್ಟು, ಒಂದೊಂದೇ ಅಂಕಿ ತೋರಿಸುತ್ತಾ ಒಂದು ಸಾಲು ಹಾಡಿದ. ಹಿಂದಿನ ಸರದಿಯವರು ಕತ್ತು ಉದ್ದ ಮಾಡಿದರು. ಆ ಹುಡುಗಿ ಒದ್ದೆ ಬಟ್ಟೆ ತಂದು ಅಂಚಿನ ಮಣ್ಣನ್ನೆಲ್ಲ ತಾನೇ ಒರೆಸಿ, ಯಾವುದೋ ಔಷಧಿ ಹೊಡೆದು, ಒಣಗಿಸಿ ಕೊಟ್ಟಳು. ಅಷ್ಟು ಹೊತ್ತೂ ಮಾವ ಆಸ್ಪತ್ರೆಯ ಬಾಗಿಲಲ್ಲಿ ನಿಂತವನ ಹಾಗೆ ನಿಂತಿದ್ದ. ಅವಳಿಗೆ ನೂರು ವರ್ಷ ಆಯಸ್ಸು ಕೊಡಲಿ ದೇವರು.

ಫೆಬ್ರವರಿಯ ಮೊದಲ ಭಾನುವಾರ ಬಂತು. ಮಾವ ಕಪ್ಪು ಅಂಗಿ ತೊಟ್ಟು, ನಮ್ಮ ಹಬ್ಬದುಡುಗೆಯ ರೂಢಿಯಂತೆ ಸೊಂಟಕ್ಕೆ ಅಜ್ಜನ ಕಾಲದ ಚಾಪೆ ಸುತ್ತಿ, ಹೆಗಲ ಮೇಲೆ ಓಯೆಬಾತುವಿನ ಶಾಲು ಹೊದ್ದು ಬಂದ. ಚರ್ಚು ಕಿಕ್ಕಿರಿದಿತ್ತು. ಫೆಲೆತಿ ಪರದೆಯ ಮೇಲೆ ತೊಟ್ಟಿಯ ಚಿತ್ರ ತೋರಿಸಿದ, ನಮ್ಮ ಸುಟ್ಟ ಮೂತಿಗಳನ್ನು ತೋರಿಸಿದ, ಜನ ನಕ್ಕರು. ಆಮೇಲೆ, “ಈಗ ಕಿತಿಯೋನೆ ಅಣ್ಣ ಐದು ನಿಮಿಷ ಮಾತಾಡ್ತಾನೆ. ಆಮೇಲೆ ಶನಿವಾರದ ಕ್ಲಾಸಿನ ವಿಷಯ ತಗೊಳ್ಳೋಣ” ಎಂದ. ಸೈಮೋನೆ ಕೀಬೋರ್ಡಿನ ಹಿಂದೆ ಕೈಕಟ್ಟಿ ಕೂತಿದ್ದ.

ಈ ಮನುಷ್ಯ ಜನರ ಮುಂದೆ ನಿಂತು ಐದು ಮಾತು ಆಡಿದವನಲ್ಲ, ಐದು ನಿಮಿಷ ಏನು ಹೇಳಿಯಾನು?

ಮಾವ ಹೋಗಿ ಸಿಮೆಂಟ್ ಕಾಗದವನ್ನು ಬಿಚ್ಚಿ ಹಲಗೆಗೆ ಸಿಕ್ಕಿಸಿದ, ಮೂರರಿಂದ ಬರೆದದ್ದನ್ನು. ನಮ್ಮ ಕಡೆ ತಿರುಗಿ, “ತಿಮೋರಿಗೆ ಹೋಗಿದ್ದವರೆಲ್ಲ ಬಾಯಿ ಮುಚ್ಚಿ. ಲೆಸಿಯೆಲಿ, ನೀನು ಕೈಯಿಂದ ಮುಚ್ಕೋ” ಎಂದ. ಜನ ಮತ್ತೆ ನಕ್ಕರು. ನಾನು ಮುಚ್ಚಿಕೊಂಡೆ.

“ಇದು ವೆಲ್ಮಿನ್ಸೆ ಅನ್ನೋ ಒಬ್ಬ ಹೆಂಗಸಿನ ತಾಯಿ ಹಾಡು” ಎಂದ ಉಳಿದವರಿಗೆ. “ಸಮುದ್ರದಾಚೆ ಒಂದು ಬೆಟ್ಟದ ಮೇಲೆ ಹಾಡ್ತಾರೆ. ನೀವ್ಯಾರೂ ಕೇಳಿಲ್ಲ. ಕೇಳೋಕೆ ಇಲ್ಲಿ ಯಾವ ಯಂತ್ರದಲ್ಲೂ ಇಲ್ಲ. ಹಾಡಿ.”

ಅಷ್ಟೇ. ಮೊದಲ ಸ್ವರವನ್ನು ಮೂಗಿನಲ್ಲಿ ಗುನುಗಿ ಕೋಲು ಎತ್ತಿದ.

ಮುದುಕರು ಕನ್ನಡಕ ಹುಡುಕಿದರು. ಮುದುಕಿಯರು ಕಣ್ಣು ಕಿರಿದು ಮಾಡಿ ಕಾಗದ ನೋಡಿದರು. ಕೋಲು ಇಳಿಯಿತು. ಮೊದಲ ಸಾಲು ಅಂಜುತ್ತಾ ಬಂತು, ‘ತೊ, ಫಾ, ನಿ’ ಎಂದು ನಮ್ಮ ಮಾತಿನ ಅಂಕಿಯ ಹೆಸರಲ್ಲೇ. ಎರಡನೆಯ ಸಾಲಿಗೆ ಗಂಡಸರ ತಳದನಿ ಬಂದು ಸೇರಿ ನೆಲ ಅದುರಿತು. ಮೂರನೆಯ ಸಾಲಿನ ಹೊತ್ತಿಗೆ ಯಾರಿಗೂ ಅಳುಕಿರಲಿಲ್ಲ. ಓಯೆಬಾತುವಿನ ಬೀಳ್ಕೊಡುಗೆಯಲ್ಲಿ ನಾನು ಕೇಳಿದ ಅದೇ ಹಾಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಅದನ್ನು ಜೀವನದಲ್ಲಿ ಒಮ್ಮೆಯೂ ಕೇಳದ ಜನರ ಬಾಯಿಂದ ಬರುತ್ತಿತ್ತು! ಮುಚ್ಚಿಕೊಂಡ ಕೈಯೊಳಗೇ ನಾನು ಗೊಳೋ ಎಂದು ಅತ್ತೆ. ಹಿಂದಿನ ಸಾಲಿನಿಂದ ಯಾರೋ “ಮಾಲಿಯೆ!” ಎಂದರು, ಆಮೇಲೆ ಎಲ್ಲ ಕಡೆಯಿಂದ ಅದೇ ಕೂಗು. ಎರಡನೆಯ ಸಲ ಅಂಕಿಯ ಕೆಳಗೆ ಬರೆದಿದ್ದ ತಿಮೋರಿನ ಪದಗಳನ್ನು ಹಿಡಿದು ಹಾಡಿದರು. ಅರ್ಥ ಗೊತ್ತಿರಲಿಲ್ಲ, ಆದರೂ ಛಾವಣಿ ಹಾರುವುದೊಂದು ಬಾಕಿ.

ಹಾಡದೆ ಉಳಿದವರು ಚಿಕ್ಕವರು ಮಾತ್ರ. ಅವರು ಅಪ್ಪ ಅಮ್ಮಂದಿರ ಮುಖವನ್ನು ಮಿಕಮಿಕ ನೋಡುತ್ತಿದ್ದರು. ಸೈಮೋನೆ ಕೀಬೋರ್ಡ್ ಬಿಟ್ಟು ಎದ್ದು ನಿಂತಿದ್ದ.

“ಇದರ ರೆಕಾರ್ಡಿಂಗ್ ಯಾರು ಕಳಿಸಿದ್ದು ನಿಮಗೆಲ್ಲ? ಯಾವಾಗ ಕಲಿತ್ರಿ?” ಎಂದು ಕೇಳಿದ.

ಮುಂದಿನ ಸಾಲಿನ ಅಜ್ಜಿಯೊಬ್ಬಳು ಕನ್ನಡಕ ಒರೆಸುತ್ತಾ, “ಯಾವ ರೆಕಾರ್ಡಿಂಗೋ ಮಗನೇ? ಅಲ್ಲಿ ಬರೆದಿದೆಯಲ್ಲಪ್ಪ, ಕಾಣಲ್ವಾ?” ಎಂದಳು.

ಇಡೀ ಚರ್ಚು ಗೊಳ್ಳೆಂದು ನಕ್ಕಿತು. ಫೆಲೆತಿ ಕ್ಲಾಸು ಉಳಿಯಲಿ ಎನ್ನುವವರು ಕೈ ಎತ್ತಿ ಎಂದ. ಕೈಗಳ ಕಾಡೇ ಎದ್ದಿತು. ಕೆಲವರು ಎರಡೆರಡು ಎತ್ತಿದರು, ನಾನೂ ಎತ್ತಿದೆ. ಮಾವ ಕೋಲು ಹಿಡಿದುಕೊಂಡೇ ನಿಂತಿದ್ದ, ಕೆನ್ನೆ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಗೆದ್ದೆ ಮಾವ, ಗೆದ್ದೆ ಎಂದು ನಾನು ಕೂಗಿಯೇಬಿಟ್ಟೆ. ಆ ಮಧ್ಯಾಹ್ನದ ಊಟದಲ್ಲಿ ಕೆಸುವಿನ ಎಲೆಯಲ್ಲಿ ಕಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮಾಂಸವನ್ನು ಹೆಂಗಸರೆಲ್ಲ ಸರದಿಯಲ್ಲಿ ಬಂದು ಅವನಿಗೆ ಬಡಿಸಿದರು. ಸೈಮೋನೆ ಮಾತ್ರ ಊಟಕ್ಕೆ ಕೂರದೆ ಹೊರಟುಹೋಗಿದ್ದ. ಹೋಗಲಿ, ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದುಕೊಂಡೆ.

ಮುಂದಿನ ಶನಿವಾರ ಮೂವತ್ತನಾಲ್ಕು ಜನ ಬಂದರು. ಚಾಪೆ ಸಾಲದೆ ಮನೆಯಿಂದ ಎರಡು ತಂದೆ. ಮಾವ ಪಾಠ ಶುರು ಮಾಡಬೇಕು ಎನ್ನುವಾಗ ಬಾಗಿಲಲ್ಲಿ ಸೈಮೋನೆ ಬಂದು ನಿಂತ. ಕಂಕುಳಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ. ಕೊಠಡಿ ತೆರವು ಮಾಡಿಸಲು ಬಂದನೇನೋ ಎಂದು ನಾನು ನಾಲಿಗೆ ಸಾಣೆ ಹಿಡಿದು ಎದ್ದೆ.

“ಚಿಕ್ಕಪ್ಪ” ಎಂದ ಅವನು. ಅಲ್ಲಿಯವರೆಗೆ ಮಾವನನ್ನು ಹಾಗೆ ಕರೆದದ್ದೇ ಇಲ್ಲ. “ಅಪ್ಪ ಸತ್ತ ಮೇಲೆ ಮಂಚದ ಕೆಳಗೆ ಸಿಕ್ತು. ಹದಿನೇಳು ಹಾಳೆ. ಎಲ್ಲ ಅಪ್ಪನ ಕೈಬರಹ.”

ಮಾವ ಡಬ್ಬ ತೆರೆದು ಒಂದು ಹಾಳೆ ಎತ್ತಿಕೊಂಡ. ಓದುತ್ತಾ ಓದುತ್ತಾ ಅವನ ಮುಖ ಬದಲಾಯಿತು. “ಇವು ಯಾರ ಹಾಡೂ ಅಲ್ಲ. ಅವನೇ ಕಟ್ಟಿದ್ದು” ಎಂದ. “ನನ್ನ ಪಕ್ಕ ಕೂತು ಇಪ್ಪತ್ತು ವರ್ಷ ಹಾಡ್ದ. ಹಾಡು ಕಟ್ತೀನಿ ಅಂತ ನನಗೂ ಹೇಳ್ಲಿಲ್ಲ, ಕಳ್ಳ.”

“ನನಗೆ ಒಂದು ಸಾಲೂ ಓದೋಕೆ ಬರಲ್ಲ” ಎಂದ ಸೈಮೋನೆ. “ಚಿಕ್ಕವನಿದ್ದಾಗ ಅಪ್ಪ ಕರೀತಿದ್ರು, ನಾನು ಬರ್ತಿರ್ಲಿಲ್ಲ. ಆಮೇಲೆ ಡಿಗ್ರಿ ಆಯ್ತು, ಮುಖ್ಯಸ್ಥ ಬೇರೆ ಆದೆ. ಬರಲ್ಲ ಅಂತ ಯಾರ ಹತ್ರ ಹೇಳೋದು? ನಾಚಿಕೆ ಆಯ್ತು. ಅದಕ್ಕೇ ಕ್ಲಾಸೇ ಬೇಡ ಅಂದೆ.”

ಸಾಣೆ ಹಿಡಿದಿದ್ದ ನನ್ನ ನಾಲಿಗೆಯನ್ನು ನುಂಗಿಕೊಂಡು ಕೂತೆ.

“ಒಂದೇ ಒಂದು ಹಾಡಿ ತೋರ್ಸಿ ಚಿಕ್ಕಪ್ಪ. ಫೋನಲ್ಲಿ ಹಿಡ್ಕೊಳ್ತೀನಿ.”

“ಇಲ್ಲ” ಎಂದ ಮಾವ. “ನಾನು ಹಾಡಿದ್ರೆ ನಿನಗೆ ಕಿತಿಯೋನೆ ಕೇಳ್ತಾನೆ. ನಿಮ್ಮಪ್ಪ ಬೇಕು ಅಂದ್ರೆ ನೀನೇ ಓದ್ಬೇಕು. ಕೂತ್ಕೋ.”

ಮೂವತ್ತೆರಡು ವರ್ಷದ ಗಂಡಸು, ಬೂಟು ಕಳಚಿಟ್ಟು, ನನ್ನ ಎಂಟು ವರ್ಷದ ಮಗಳ ಪಕ್ಕ ಚಾಪೆಯ ಮೇಲೆ ಮಂಡಿ ಮಡಿಸಿ ಕೂತ. ಇಡೀ ಬೆಳಿಗ್ಗೆ ಮಕ್ಕಳ ಜೊತೆ ಏರಿದ, ಇಳಿದ, ತಪ್ಪಿದ, ಬೈಸಿಕೊಂಡ. ನನ್ನ ಮಗಳೂ ಎರಡು ಸಲ ತಿದ್ದಿದಳು. ಮಧ್ಯಾಹ್ನದ ಹೊತ್ತಿಗೆ ಮಾವ ಡಬ್ಬದ ಮೇಲಿನ ಹಾಳೆಯನ್ನು ಅವನ ಮುಂದಿಟ್ಟು ತಳದನಿಯ ಸಾಲು ತೋರಿಸಿದ. ಸೈಮೋನೆ ಬೆರಳಿಟ್ಟುಕೊಂಡು ಒಂದೊಂದೇ ಅಂಕಿ ಹಾಡಿದ. ಮೊದಲ ಸಲ ಮುರಿಯಿತು, ಎರಡನೆಯ ಸಲವೂ ಮುರಿಯಿತು. ಮೂರನೆಯ ಸಲ ಸಾಲು ಪೂರ್ತಿ ಬಂತು. ಹಾಡು ಗಂಭೀರವಾಗಿ ಇಳಿದು ಬಂದು ನಿಂತಿತು. ಸೈಮೋನೆ ಹಾಳೆಯನ್ನು ಎದೆಗೆ ಒತ್ತಿಕೊಂಡು ಮಕ್ಕಳೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ.

ಮಾವ ಅವನ ಬೆನ್ನ ಮೇಲೆ ಕೈಯಿಟ್ಟು ಅವನು ಅತ್ತು ಮುಗಿಸುವವರೆಗೆ ಕಾದ. ಆಮೇಲೆ ಹಾಳೆಯನ್ನು ಬಿಡಿಸಿ ಮತ್ತೆ ಚಾಪೆಯ ಮೇಲಿಟ್ಟ.

“ಎರಡನೇ ಸಾಲು ಓದು” ಎಂದ.